ಮನುಷ್ಯನೆಂದರೆ ಯಾರು ಯಾರು?

ಪ್ರತಿ ವರ್ಷ ಡಿಸೆಂಬರ್ 10ನೆಯ ತಾರೀಖಿಗೆ ನಮ್ಮ ಕಚೇರಿಯಲ್ಲಿ ಒಂದು ಚಿಕ್ಕ ಸಮಾರಂಭ ನಡೆಯುತ್ತದೆ. ಹಾರ-ತುರಾಯಿಗಳ ಸಮಾರಂಭವಲ್ಲ. ಬೆಳಗಿನ ಹನ್ನೊಂದಕ್ಕೆ ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬರುತ್ತಾರೆ. ನಾವು ಕಾರಕೂನರೆಲ್ಲ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಲ್ಲುತ್ತೇವೆ. ಒಬ್ಬರು ಕಾಗದ ನೋಡಿ ಓದುತ್ತಾರೆ, ಉಳಿದವರು ಬಲಗೈ ಮುಂದೆ ಚಾಚಿ ಅವರ ಬೆನ್ನಿಗೆ ಅನ್ನುತ್ತೇವೆ. ಎಲ್ಲರ ಹಕ್ಕುಗಳನ್ನು ಕಾಪಾಡುತ್ತೇವೆ, ಯಾರ ಹಕ್ಕಿಗೂ ನಮ್ಮ ಮಾತಿನಿಂದಾಗಲಿ ಕೃತಿಯಿಂದಾಗಲಿ ಕುಂದು ತರುವುದಿಲ್ಲ ಎಂಬ ಅರ್ಥದ ಪ್ರತಿಜ್ಞೆ ಅದು. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಚಹದ ಹುಡುಗನೂ ಬಂದಿರುತ್ತಾನೆ.

ಹೋದ ಸಲ ಪ್ರತಿಜ್ಞೆ ಮುಗಿಸಿ ನಾವು ಮರಳಿ ಕುಳಿತಾಗ ಕಿಟಕಿಯ ಆಚೆ ಒಬ್ಬ ಮುದುಕಿ ಆಗಲೇ ನಿಂತಿದ್ದಳು. ಅವಳು ಬಂದದ್ದು ಅದು ಮೂರನೆಯ ಸಲ. ಅರ್ಜಿಯಲ್ಲಿ ಒಂದು ಹೆಸರು, ಲಗತ್ತಿಸಿದ ಕಾಗದದಲ್ಲಿ ಇನ್ನೊಂದು ಹೆಸರು. ನಾವು ಕೆಂಪು ಮಸಿಯಿಂದ 'ಹೆಸರು ತಾಳೆಯಾಗುವುದಿಲ್ಲ' ಎಂದು ಷರಾ ಬರೆದು ಅರ್ಜಿಯನ್ನು ಹಿಂದಿರುಗಿಸಿದೆವು. ಅವಳು ಏನೂ ಅನ್ನಲಿಲ್ಲ, ಕೈಮುಗಿದು ಹೋದಳು. ಐದು ನಿಮಿಷದ ಹಿಂದೆ ಪ್ರತಿಜ್ಞೆಗೆಂದು ಚಾಚಿದ ಕೈಗೆ ಅವಳು ಕೈಮುಗಿದಳೆಂಬುದು ಆಗ ನಮಗೆ ಹೊಳೆಯಲೂ ಇಲ್ಲ. ಹೊಳೆಯಲು ಎರಡು ತಿಂಗಳು ಬೇಕಾದವು. ಅದಕ್ಕೆ ನಮ್ಮ ಮನೆಯಲ್ಲಿಯೇ ಒಂದು ಕಾರಣ ಒದಗಿತು. ಆ ಮಾತು ಮುಂದೆ ಬರುತ್ತದೆ. ಕಾರಣ ಒದಗಿದ ಮೇಲೆ ಕೆಲವು ಆದಿತ್ಯವಾರ ಗ್ರಂಥಾಲಯದಲ್ಲಿ ಕುಳಿತು, ನಾವು ವರ್ಷವರ್ಷವೂ ಎದ್ದು ನಿಲ್ಲುವ ಆ ದಿನದ ಪೂರ್ವಾಪರವನ್ನು ಓದಿ ನೋಡಿದೆವು. ಬಿ.ಎ.ಗೆ ಇತಿಹಾಸವನ್ನೇ ತೆಗೆದುಕೊಂಡಿದ್ದೆವಾದರೂ ಆಗ ಓದಿದ್ದು ಪರೀಕ್ಷೆಗಾಗಿ. ಈಗ ಓದಿದ್ದು ಬೇರೆ.

ಮೊದಲಿಗೆ ಶಬ್ದದ ವಿಷಯವಾಗಿ ಒಂದು ಮಾತು. ನಮ್ಮ ಕಚೇರಿಯಲ್ಲಿ ಪ್ರತಿಜ್ಞೆ ನಡೆಯುವುದು ಹಿಂದಿಯಲ್ಲಿ. ಅಲ್ಲಿ ಇದಕ್ಕೆ 'ಮಾನವ ಅಧಿಕಾರ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ವಿಚಿತ್ರವಾಗಿ ಕೇಳಿಸುತ್ತದೆ. ನಮ್ಮಲ್ಲಿ ಅಧಿಕಾರವೆಂದರೆ ಸಾಹೇಬರ ಬಳಿ ಇರತಕ್ಕದ್ದು. ಕಿಟಕಿಯ ಆಚೆ ನಿಂತವರ ಬಳಿ ಇರತಕ್ಕದ್ದು ಹಕ್ಕು. ಈ ಹಕ್ಕೆಂಬ ಮಾತು ಅರಬಿಯಿಂದ ಬಂದು, ಜಮೀನಿನ ಕಾಗದಪತ್ರಗಳ ದಾರಿ ಹಿಡಿದು, ನಮ್ಮ ಹಳ್ಳಿಯ ಓದುಬರಹವಿಲ್ಲದವರ ಬಾಯಿಗೂ ಸೇರಿಕೊಂಡಿದೆ. ಹಿಂದಿಯವರು ಒಂದೇ ಶಬ್ದದಲ್ಲಿ ಎರಡನ್ನೂ ಕೂಡಿಸಿರುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಕಾರಕೂನನಾದವನಿಗೆ ಕನ್ನಡದ ಈ ಭೇದವೇ ಹೆಚ್ಚು ಉಪಯೋಗದ್ದೆಂದು ತೋರುತ್ತದೆ.

ಹಕ್ಕುಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಇಂಗ್ಲೆಂಡಿನಿಂದ ಆರಂಭಿಸುತ್ತಾರೆ. 1215ನೆಯ ಜೂನ್ ತಿಂಗಳಲ್ಲಿ ಥೇಮ್ಸ್ ನದಿಯ ದಂಡೆಯ ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ ಜಾನ್ ದೊರೆಯು ತನ್ನ ಸರದಾರರ ಒತ್ತಾಯಕ್ಕೆ ಮಣಿದು ಮ್ಯಾಗ್ನಾ ಕಾರ್ಟಾ ಎಂಬ ಸನದಿಗೆ ಮುದ್ರೆ ಒತ್ತಿದನು. ಕಾನೂನಿನ ನಿರ್ಣಯವಿಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಹಿಡಿಯಕೂಡದು, ಸೆರೆಯಲ್ಲಿಡಕೂಡದು ಎಂಬುದು ಅದರಲ್ಲಿಯ ಪ್ರಸಿದ್ಧವಾದ ಕಲಮು. ಓದಲು ಬಹು ಸೊಗಸು. ಆದರೆ 'ಸ್ವತಂತ್ರ ಮನುಷ್ಯ' ಎಂಬಲ್ಲಿ ಬೆರಳಿಟ್ಟು ನೋಡಬೇಕು. ಆ ಕಾಲದ ಇಂಗ್ಲೆಂಡಿನ ಒಕ್ಕಲು ಮಕ್ಕಳಲ್ಲಿ ದೊಡ್ಡ ಪಾಲು ಜನ ಒಡೆಯನ ಜಮೀನಿಗೆ ಕಟ್ಟುಬಿದ್ದವರು; ಅವರು ಸ್ವತಂತ್ರರಲ್ಲ; ಆದ್ದರಿಂದ ಆ ಕಲಮು ಅವರಿಗೆ ಅನ್ವಯಿಸುತ್ತಿರಲಿಲ್ಲ. ಕಾನೂನಿನಲ್ಲಿ ಒಂದು ವಿಶೇಷಣ ಎಷ್ಟು ಜನರನ್ನು ಬಾಗಿಲ ಹೊರಗೆ ನಿಲ್ಲಿಸಬಲ್ಲದೆಂಬುದನ್ನು ಫೈಲು ಓದುವವರು ಬೇಗ ತಿಳಿಯುತ್ತಾರೆ.

ಅಲ್ಲಿಂದ 1776ಕ್ಕೆ ಬರೋಣ. ಅಮೇರಿಕೆಯ ಹದಿಮೂರು ವಸಾಹತುಗಳು ಸ್ವಾತಂತ್ರ್ಯವನ್ನು ಸಾರಿ, ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರೆಂದು ಘೋಷಿಸಿದವು. ಅದನ್ನು ಬರೆದ ಥಾಮಸ್ ಜೆಫರ್ಸನ್ನನ ಒಡೆತನದಲ್ಲಿ ಅವನ ಜೀವಮಾನದಲ್ಲಿ ನೂರಾರು ಗುಲಾಮರು ದುಡಿದರು. ಅದೇ ವರ್ಷ ಮಾರ್ಚಿಯಲ್ಲಿ ಅಬಿಗೈಲ್ ಆಡಮ್ಸ್ ಎಂಬಾಕೆ, ಮುಂದೆ ಆ ದೇಶದ ಎರಡನೆಯ ಅಧ್ಯಕ್ಷನಾದ ತನ್ನ ಗಂಡ ಜಾನ್ ಆಡಮ್ಸನಿಗೆ ಪತ್ರ ಬರೆದು, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿರೆಂದು ಕೇಳಿಕೊಂಡಿದ್ದಳು. ಗಂಡನಿಗೆ ನಗೆ ಬಂತು. ಹಾಗೆಂದು ಮರುಪತ್ರದಲ್ಲಿ ಬರೆದೂ ಬರೆದನು. ಆ ದೇಶದ ರಾಜ್ಯಘಟನೆಯಲ್ಲಿ ಹೆಂಗಸರ ಮತದಾನದ ಹಕ್ಕು ಸೇರಿದ್ದು 1920ರಲ್ಲಿ.

ಫ್ರಾನ್ಸಿನ ಕತೆ ಇನ್ನೂ ಕಟುವಾದದ್ದು. 1789ನೆಯ ಆಗಸ್ಟ್ 26ರಂದು ಅಲ್ಲಿಯ ರಾಷ್ಟ್ರೀಯ ಸಭೆಯು ಮನುಷ್ಯನ ಮತ್ತು ನಾಗರಿಕನ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರಲ್ಲಿ 17 ಕಲಮುಗಳು. ಎರಡು ವರ್ಷದ ತರುವಾಯ, 1791ರಲ್ಲಿ, ಒಲಿಂಪ್ ದ ಗೂಜ್ ಎಂಬ ನಾಟಕಕಾರ್ತಿಯು ಆ ಘೋಷಣೆಯನ್ನು ಎದುರಿಗೆ ಇಟ್ಟುಕೊಂಡು, ಕಲಮಿಗೆ ಕಲಮು ಸರಿಗಟ್ಟಿ, ಹೆಣ್ಣಿನ ಹಕ್ಕುಗಳ ಘೋಷಣೆಯನ್ನು ಬರೆದಳು. ಅವಳದೂ 17 ಕಲಮು. ಹೆಣ್ಣನ್ನು ಗಲ್ಲಿಗೆ ಏರಿಸಬಹುದಾದರೆ ಭಾಷಣದ ವೇದಿಕೆಗೆ ಏಕೆ ಏರಿಸಬಾರದೆಂಬುದು ಅವಳ ವಾದದ ತಿರುಳು. ವೇದಿಕೆ ಅವಳಿಗೆ ದೊರೆಯಲಿಲ್ಲ. ರಾಜಕೀಯ ಬರಹಗಳಿಗಾಗಿ 1793ನೆಯ ನವೆಂಬರಿನಲ್ಲಿ ಅವಳ ತಲೆ ಹಾರಿಸಿದರು. ಫ್ರೆಂಚ್ ಹೆಂಗಸರಿಗೆ ಮತದ ಹಕ್ಕು ಬಂದದ್ದು 1944ರಲ್ಲಿ.

ಇದೆಲ್ಲ ಪರದೇಶದ ಮಾತಾಯಿತು, ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಹೆಣ್ಣುಮಕ್ಕಳು ಪುರುಷರ ಸರಿಸಮಾನರಾಗಿ ಕುಳಿತು ವಚನ ಹೇಳಲಿಲ್ಲವೇ ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ನಮ್ಮ ಸಂಘದ ಸಭೆಗಳಲ್ಲಿ ಈ ಮಾತು ಪ್ರತಿ ಸಲವೂ ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ನಮಗೂ ಅದರ ಅಭಿಮಾನವಿದೆ. ಆದರೆ ಚಪ್ಪಾಳೆ ತಟ್ಟುವಾಗ ಒಮ್ಮೆ ಹಿಂದಿನ ಸಾಲಿನತ್ತ ತಿರುಗಿ ನೋಡಿದರೆ, ಹೆಂಗಸರು ಬಾಗಿಲ ಬಳಿ ಉಪ್ಪಿಟ್ಟಿನ ಪ್ಲೇಟು ಎಣಿಸುತ್ತ ನಿಂತಿರುವುದೂ ಕಾಣುತ್ತದೆ. ಆದ್ದರಿಂದ ಕಲ್ಯಾಣದ ಮಾತನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇವೆ.

ಎರಡನೆಯ ಮಹಾಯುದ್ಧ ಮುಗಿದು 1945ರಲ್ಲಿ ಸಂಯುಕ್ತ ರಾಷ್ಟ್ರಸಂಘ ಹುಟ್ಟಿತು. ಲಕ್ಷಾಂತರ ಜನರನ್ನು ಅವರವರ ಸರಕಾರಗಳೇ ಕೊಂದದ್ದನ್ನು ಲೋಕವು ಕಂಡಿತ್ತು. ಸರಕಾರವು ತನ್ನ ಪ್ರಜೆಗಳನ್ನು ಏನು ಬೇಕಾದರೂ ಮಾಡಬಹುದು, ಅದು ಅದರ ಮನೆಯ ವಿಷಯ ಎಂಬ ಹಳೆಯ ನ್ಯಾಯ ಇನ್ನು ಸಾಗದೆಂದು ಎಲ್ಲರಿಗೂ ಅನಿಸಿತ್ತು. ಲೋಕದ ಎಲ್ಲರಿಗೂ ಒಪ್ಪಿತವಾಗುವ ಹಕ್ಕುಗಳ ಪಟ್ಟಿಯನ್ನು ತಯಾರಿಸಲು 18 ರಾಷ್ಟ್ರಗಳ ಪ್ರತಿನಿಧಿಗಳ ಒಂದು ಆಯೋಗ ಏರ್ಪಟ್ಟಿತು. 1947ನೆಯ ಜನವರಿಯಲ್ಲಿ ನ್ಯೂಯಾರ್ಕಿನ ಹತ್ತಿರದ ಲೇಕ್ ಸಕ್ಸೆಸ್ ಎಂಬಲ್ಲಿ ಅದು ಸಭೆ ಸೇರಿತು. ಅಮೇರಿಕೆಯ ಗತಿಸಿದ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಅಧ್ಯಕ್ಷೆ. ಚೀನದ ಚಾಂಗ್, ಲೆಬನಾನಿನ ಚಾರ್ಲ್ಸ್ ಮಲಿಕ್, ಫ್ರಾನ್ಸಿನ ರೆನೆ ಕಾಸೆಂ ಮುಂತಾದವರು ಸದಸ್ಯರು. ಮೊದಲಿನ ಕರಡನ್ನು ಸಿದ್ಧಪಡಿಸಿದವನು ಕೆನಡಾದ ಜಾನ್ ಹಂಫ್ರಿ. ರೂಸ್‌ವೆಲ್ಟ್ ಅವರನ್ನು ಬಿಟ್ಟರೆ ಪ್ರತಿನಿಧಿಗಳಲ್ಲಿ ಇದ್ದ ಇನ್ನೊಬ್ಬ ಮಹಿಳೆ ಭಾರತದವರು. ನಮ್ಮ ಮುಂಬಯಿಯ ಹಂಸಾ ಮೆಹ್ತಾ.

ಮುಂಬಯಿಯ ಎಂದದ್ದಕ್ಕೆ ಬಡೋದೆಯವರು ತಕರಾರು ಮಾಡಬಹುದು. ಅವರು ಹುಟ್ಟಿದ್ದು ಸೂರತಿನಲ್ಲಿ, 1897ರಲ್ಲಿ. ತಂದೆ ಮನುಭಾಯಿ ಮೆಹ್ತಾ ಬಡೋದೆಯ ದಿವಾನರು. ಅಜ್ಜ ನಂದಶಂಕರ ಮೆಹ್ತಾ ಗುಜರಾತಿ ಭಾಷೆಯ ಮೊದಲನೆಯ ಕಾದಂಬರಿಯನ್ನು ಬರೆದವರು. ನಾಗರ ಬ್ರಾಹ್ಮಣ ಮನೆತನದ ಈ ಹುಡುಗಿ ವೈಶ್ಯರಾದ ಡಾಕ್ಟರ್ ಜೀವರಾಜ ಮೆಹ್ತಾರನ್ನು ಮದುವೆಯಾದಾಗ ಜಾತಿಯವರು ಬಹಳ ಗದ್ದಲವೆಬ್ಬಿಸಿದರಂತೆ. ಪರಳದ ಕೆ.ಇ.ಎಂ. ಆಸ್ಪತ್ರೆಯ ಮೆಟ್ಟಿಲನ್ನು ತುಳಿಯದ ಕನ್ನಡ ಕುಟುಂಬ ಈ ಊರಿನಲ್ಲಿ ಕಡಿಮೆ. ಅದರ ಆರಂಭದ ಕಾಲದಲ್ಲಿ ಡೀನರಾಗಿದ್ದವರು ಇದೇ ಜೀವರಾಜ ಮೆಹ್ತಾ. ಮುಂದೆ 1960ರಲ್ಲಿ ಗುಜರಾತ ರಾಜ್ಯವಾದಾಗ ಅದರ ಮೊದಲನೆಯ ಮುಖ್ಯಮಂತ್ರಿಗಳೂ ಅವರೇ.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಪರದೇಶೀ ಬಟ್ಟೆಯ ಅಂಗಡಿಗಳ ಮುಂದೆ ಹೆಂಗಸರು ಸಾಲುಗಟ್ಟಿ ನಿಂತರಲ್ಲ, ಆ ಸಾಲಿನ ಮುಂಚೂಣಿಯಲ್ಲಿ ಹಂಸಾಬೆನ್ ಇದ್ದರು. ಸೆರೆಮನೆಗೂ ಹೋಗಿ ಬಂದರು. ಅದೇ ದಿನಗಳಲ್ಲಿ ಇದೇ ಊರಿನ ಬೀದಿಗಳಲ್ಲಿ ಕಾನೂನು ಮುರಿದು ಮಾಡಿದ ಉಪ್ಪಿನ ಪೊಟ್ಟಣಗಳನ್ನು ಮಾರಿದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು. 1927ರಲ್ಲಿ ಪುಣೆಯಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಪರಿಷತ್ತಿಗೆ ಆರಂಭದ ವರ್ಷಗಳಲ್ಲಿ ಸಂಘಟನೆಯ ಕಾರ್ಯದರ್ಶಿಯಾಗಿ ದುಡಿದವರೂ ನಮ್ಮ ಕಮಲಾದೇವಿಯೇ. ಅದೇ ಪರಿಷತ್ತಿಗೆ 1945-46ರಲ್ಲಿ ಹಂಸಾ ಮೆಹ್ತಾ ಅಧ್ಯಕ್ಷೆಯಾದರು. ಹೈದರಾಬಾದಿನಲ್ಲಿ ಅಧಿವೇಶನ ಕೂಡಿತು. ಭಾರತೀಯ ಮಹಿಳೆಯರ ಹಕ್ಕು ಮತ್ತು ಕರ್ತವ್ಯಗಳ ಸನದು ಅವರ ಆ ಅಧ್ಯಕ್ಷತೆಯ ಫಲ. ಲೇಕ್ ಸಕ್ಸೆಸ್ಸಿಗೆ ಹೋದವರು ಆ ಸನದನ್ನು ಬರೆದು ಕೈ ಪಳಗಿದವರಾಗಿದ್ದರೆಂಬುದನ್ನು ನೆನಪಿಡಬೇಕು. ನಮ್ಮ ಸಂವಿಧಾನ ಸಭೆಯಲ್ಲಿಯೂ ಅವರು ಮೂಲಭೂತ ಹಕ್ಕುಗಳ ಉಪಸಮಿತಿಯ ಸದಸ್ಯೆ. ಹೆಂಗಸರಿಗೆ ಮೀಸಲು ಸ್ಥಾನ ಬೇಡ, ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯ ಬೇಕು ಎಂದು 1946ನೆಯ ಡಿಸೆಂಬರಿನಲ್ಲಿ ಆ ಸಭೆಯಲ್ಲಿ ಹೇಳಿದರು. 1947ನೆಯ ಆಗಸ್ಟ್ 14ರ ನಡುರಾತ್ರಿ ಭಾರತದ ಹೆಂಗಸರ ಪರವಾಗಿ ರಾಷ್ಟ್ರಧ್ವಜವನ್ನು ಸಭೆಗೆ ಅರ್ಪಿಸಿದ ಕೈಯೂ ಅವರದೇ.

ಇನ್ನು ಆ ಶಬ್ದದ ಸಂಗತಿ. ಆಯೋಗದ ಮುಂದೆ ಬಂದ ಕರಡಿನ ಮೊದಲನೆಯ ಕಲಮು ಹಿಂದಿನವರ ಹಾದಿಯನ್ನೇ ಹಿಡಿದಿತ್ತು. ಇಂಗ್ಲಿಷಿನಲ್ಲಿ 'ಆಲ್ ಮೆನ್' ಎಂದು ಆರಂಭ. ಹಂಸಾ ಮೆಹ್ತಾ ಇದಕ್ಕೆ ಆಕ್ಷೇಪ ತೆಗೆದರು. ರೂಸ್‌ವೆಲ್ಟ್ ಅವರ ಸಮಾಧಾನವೂ ಸುಲಭವಾಗಿ ತಳ್ಳಿಹಾಕುವಂಥದಾಗಿರಲಿಲ್ಲ: ಇಂಗ್ಲಿಷಿನಲ್ಲಿ ಆ ಮಾತು ಹೆಂಗಸರನ್ನೂ ಒಳಗೊಳ್ಳುತ್ತದೆ, ಎಲ್ಲರಿಗೂ ಅದು ತಿಳಿದದ್ದೇ. ತಿಳಿದದ್ದೇ ಆದರೆ 1776ರಲ್ಲಿ ಯಾರಿಗೆ ತಿಳಿದಿತ್ತು? 1789ರಲ್ಲಿ? ಹೆಂಗಸರನ್ನು ಹೊರಗಿಡಬೇಕೆಂದು ಮನಸ್ಸಿದ್ದ ಸರಕಾರಗಳು ಲೋಕದಲ್ಲಿ ಇನ್ನೂ ಬೇಕಾದಷ್ಟಿದ್ದವು. ಅವರ ಕೈಗೆ ಆ ಶಬ್ದವನ್ನು ಕೊಟ್ಟರೆ ಅವರು ಅಕ್ಷರಶಃ ಓದದೆ ಬಿಡುವವರಲ್ಲವೆಂಬುದು ಹಂಸಾ ಮೆಹ್ತಾರ ಭಯ. ಡೆನ್ಮಾರ್ಕಿನ ಬೋಡಿಲ್ ಬೆಗ್ಟ್ರುಪ್ ಮೊದಲಾದ ಮಹಿಳೆಯರೂ ಅದೇ ದಿಕ್ಕಿನಲ್ಲಿ ವಾದಿಸಿದರು. ಕೊನೆಗೆ ಶಬ್ದ ಬದಲಾಯಿತು. 'ಆಲ್ ಹ್ಯೂಮನ್ ಬೀಯಿಂಗ್ಸ್' ಎಂದಾಯಿತು. ಗಂಡಸರೆಲ್ಲ ಹೋಗಿ ಮಾನವರೆಲ್ಲ ಬಂದರು.

ಇಲ್ಲಿ ಕನ್ನಡದ ಒಂದು ಗುಣವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಏಕವಚನದಲ್ಲಿ ನಮ್ಮ ಭಾಷೆಯೂ ಅದೇ ಗುಂಡಿಗೆ ಬೀಳುತ್ತದೆ. ಮನುಷ್ಯನು ಬಂದನು ಎನ್ನುತ್ತೇವೆಯೇ ಹೊರತು ಬಂದಳು ಎನ್ನುವುದಿಲ್ಲ. ಈ ಲೇಖನದ ಶಿರೋನಾಮೆಯಲ್ಲಿಯೂ ಅದೇ ಆಗಿದೆ. ಬಹುವಚನಕ್ಕೆ ಬಂದೊಡನೆ ಕನ್ನಡವು ಭೇದವನ್ನೇ ಮರೆತುಬಿಡುತ್ತದೆ. 'ಅವರು ಬಂದರು' ಎಂದರೆ ಗಂಡಸರೋ ಹೆಂಗಸರೋ ಯಾವ ವ್ಯಾಕರಣ ಪಂಡಿತನೂ ಹೇಳಲಾರ. ನಮ್ಮ ಮನೆಯ ಪಕ್ಕದಲ್ಲಿರುವ ಹಿಂದಿಯವರಿಗೂ ಮರಾಠಿಯವರಿಗೂ ಈ ಸೌಕರ್ಯವಿಲ್ಲ. ಹಂಸಾ ಮೆಹ್ತಾ ಕನ್ನಡದಲ್ಲಿ ವಾದಿಸಬೇಕಾಗಿದ್ದರೆ ಅರ್ಧ ಕೆಲಸವನ್ನು ವ್ಯಾಕರಣವೇ ಮಾಡಿಕೊಡುತ್ತಿತ್ತು.

1948ನೆಯ ಡಿಸೆಂಬರ್ 10ರ ರಾತ್ರಿ ಪ್ಯಾರಿಸಿನ ಶಾಯೋ ಅರಮನೆಯಲ್ಲಿ ರಾಷ್ಟ್ರಸಂಘದ ಮಹಾಸಭೆಯು 30 ಕಲಮುಗಳ ಆ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ 48 ರಾಷ್ಟ್ರಗಳು. ವಿರೋಧವಾಗಿ ಒಂದೂ ಇಲ್ಲ. ತಟಸ್ಥವಾಗಿ ಉಳಿದವು 8. ರಶಿಯಾ ಮತ್ತು ಅದರ ಸಂಗಡಿಗರು, ಸೌದಿ ಅರೇಬಿಯಾ, ದಕ್ಷಿಣ ಆಫ್ರಿಕಾ ಈ ಎಂಟರಲ್ಲಿ ಸೇರಿದವು. ದಕ್ಷಿಣ ಆಫ್ರಿಕಾ ಏಕೆ ಕೈ ಎತ್ತಲಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ. ಅಲ್ಲಿಯ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನು ನಮ್ಮ ದೇಶವು 1946ರಲ್ಲಿಯೇ ರಾಷ್ಟ್ರಸಂಘದ ಮುಂದೆ ಒಯ್ದಿತ್ತು. ಪರಸ್ಥಳದಲ್ಲಿ ಹೊಟ್ಟೆ ಹೊರೆಯುವವರ ಹಕ್ಕಿನ ಪ್ರಶ್ನೆಯನ್ನು ಲೋಕದ ಸಭೆಯಲ್ಲಿ ಮೊದಲು ಎತ್ತಿದವರಲ್ಲಿ ನಾವೂ ಒಬ್ಬರೆಂಬುದು ನಮ್ಮಂಥ ವಲಸೆಗಾರರಿಗೆ ತಿಳಿದಿರಬೇಕು.

ಘೋಷಣೆಯು ಇದೀಗ 500ಕ್ಕೂ ಮಿಕ್ಕಿದ ಭಾಷೆಗಳಲ್ಲಿದೆ, ಕನ್ನಡದಲ್ಲಿಯೂ ಇದೆ. ಪೂರ್ತಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಮೊದಲನೆಯ ಕಲಮಿನ ಬಾಗಿಲಲ್ಲಿ ಅಷ್ಟು ಕಾವಲಿಟ್ಟರೂ, ಅದೇ ಕಲಮಿನ ಕೊನೆಯಲ್ಲಿ ಅಣ್ಣತಮ್ಮಂದಿರ ಭಾವನೆ ಉಳಿದುಕೊಂಡಿದೆ. ಅನ್ನ, ಬಟ್ಟೆ, ವಸತಿಯ ಹಕ್ಕನ್ನು ಹೇಳುವ 25ನೆಯ ಕಲಮಿನ ಇಂಗ್ಲಿಷ್ ಪಾಠದಲ್ಲಿ 'ತನಗೂ ತನ್ನ ಕುಟುಂಬಕ್ಕೂ' ಎಂಬಲ್ಲಿಯ 'ತನ್ನ' ಪುಲ್ಲಿಂಗದ್ದೇ. ಕರಡು ತಿದ್ದುವ ಕೆಲಸ ಮಾಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮೊದಲ ಪುಟ ನೋಡಿ ತಿದ್ದಿದವರ ಕಣ್ಣು ಹತ್ತನೆಯ ಪುಟಕ್ಕೆ ದಣಿದಿರುತ್ತದೆ.

ಘೋಷಣೆಯು ಕಾನೂನಲ್ಲ. ಬರಿಯ ಘೋಷಣೆ ಸಾಲದು, ಅದನ್ನು ಜಾರಿಗೆ ತರುವ ವ್ಯವಸ್ಥೆಯೂ ಬೇಕೆಂದು ಹಂಸಾ ಮೆಹ್ತಾ ಆಯೋಗದಲ್ಲಿ ವಾದಿಸಿದ್ದರು. ಎರಡು ಒಡಂಬಡಿಕೆಗಳು 1966ರಲ್ಲಿ ತಯಾರಾಗಿ 1976ರಲ್ಲಿ ಜಾರಿಗೆ ಬಂದವು. ಭಾರತ 1979ರಲ್ಲಿ ಸೇರಿತು. ನಮ್ಮ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರದು. ಇವುಗಳ ವಿವರಕ್ಕೆ ನಾವು ಇಳಿಯುವುದಿಲ್ಲ. ನಮಗೆ ಹೇಳಬೇಕಾದದ್ದು ಪಟ್ಟಿಗಳಲ್ಲಿ ಹೆಸರು ಬರೆಯುವವರ ಸಂಗತಿ.

ಸ್ವತಂತ್ರ ಭಾರತವು ಒಂದೇ ಏಟಿಗೆ ವಯಸ್ಸಾದ ಎಲ್ಲರಿಗೂ ಮತದ ಹಕ್ಕು ಕೊಟ್ಟಿತು. ಅದಕ್ಕೆ ಹಿಂದಿನ 1935ರ ಕಾನೂನಿನಲ್ಲಿ ಎಷ್ಟೋ ಹೆಂಗಸರು ಮತದಾರರಾದದ್ದು ಗಂಡನ ಆಸ್ತಿಯ ಬಲದಿಂದ, ಇಂಥವನ ಹೆಂಡತಿ ಎಂಬ ಕಾರಣದಿಂದ. ಈಗ ಹಾಗಲ್ಲ; ಅವಳು ಅವಳೇ. ಸಂವಿಧಾನ ಇನ್ನೂ ಪೂರ್ಣವಾಗುವ ಮೊದಲೇ, 1948ರಿಂದಲೇ, ಮತದಾರರ ಪಟ್ಟಿಯ ಸಿದ್ಧತೆ ಸಂವಿಧಾನ ಸಭೆಯ ಸಚಿವಾಲಯದಿಂದ ಆರಂಭವಾಗಿತ್ತು. ಆ ಸಭೆಯ ಸಲಹೆಗಾರರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು. ಕಾನೂನು ಬರೆದವರ ಹೆಸರು ಎಲ್ಲರಿಗೂ ಗೊತ್ತು. ಮನೆ ಮನೆಗೆ ಹೋಗಿ ಪಟ್ಟಿ ಬರೆದವರು ತಲಾಠಿಗಳು, ಮಾಸ್ತರರು, ನಮ್ಮಂಥ ಕಾರಕೂನರು.

ಪಟ್ಟಿ ಬರೆಯಹೋದವರಿಗೆ ಒಂದು ಅನಿರೀಕ್ಷಿತ ತೊಡಕು ಎದುರಾಯಿತು. ಬಿಹಾರ, ರಾಜಸ್ಥಾನ ಮೊದಲಾದ ಪ್ರಾಂತಗಳಲ್ಲಿ ಅಸಂಖ್ಯ ಹೆಂಗಸರು ಪರಪುರುಷನ ಮುಂದೆ ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಬರೆಸಿದರು. ಮೊದಲನೆಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರಿಲ್ಲದೆ ಮತದಾರರಿಲ್ಲ ಎಂದರು. ಹೆಸರು ಹೇಳಲು ಕಾಲಾವಕಾಶವನ್ನೂ ಕೊಟ್ಟರು. ಕೊನೆಗೂ ಸುಮಾರು 8 ಕೋಟಿ ಹೆಂಗಸರಲ್ಲಿ 28 ಲಕ್ಷದಷ್ಟು ಜನರನ್ನು 1951-52ರ ಪಟ್ಟಿಯಿಂದ ಬಿಡಬೇಕಾಯಿತು. ಸೇನರು ಮಾಡಿದ್ದು ಸರಿಯೇ? ನಾವು ಇದನ್ನು ಬಹಳ ಯೋಚಿಸಿದೆವು. 28 ಲಕ್ಷ ಜನರ ಹಕ್ಕು ಆ ಸಲಕ್ಕೆ ಹೋಯಿತೆಂಬುದು ಸಣ್ಣ ಮಾತಲ್ಲ. ಆದರೆ ಹೆಂಡತಿ ಎಂದೇ ಬರೆದುಕೊಂಡು ಬಿಟ್ಟಿದ್ದರೆ ಇಂದಿಗೂ ಹಾಗೆಯೇ ಬರೆಯುತ್ತಿದ್ದೆವೋ ಏನೋ. ಮುಂದಿನ ಚುನಾವಣೆಯ ಹೊತ್ತಿಗೆ ಸ್ಥಿತಿ ಬಹಳ ಸುಧಾರಿಸಿತ್ತು. 1962ರಲ್ಲಿ ನೂರಕ್ಕೆ ಸುಮಾರು 63 ಗಂಡಸರು, 47 ಹೆಂಗಸರು ಮತ ಹಾಕಿದ್ದರು. 2019ರ ಲೋಕಸಭಾ ಚುನಾವಣೆಯಲ್ಲಿ ಹೆಂಗಸರ ಪ್ರಮಾಣವೇ ಗಂಡಸರದಕ್ಕಿಂತ ಕೂದಲೆಳೆಯಷ್ಟು ಮೇಲಾಯಿತು.

ನಮ್ಮ ಕಡೆಯ ಹಳೆಯ ಜಮೀನಿನ ಕಾಗದಗಳನ್ನು ನೋಡಿದವರಿಗೆ 'ಬಿನ್' ಮತ್ತು 'ಕೋಂ' ಪರಿಚಿತ. ಬಿನ್ ಎಂದರೆ ಇಂಥವನ ಮಗ, ಕೋಂ ಎಂದರೆ ಇಂಥವನ ಹೆಂಡತಿ. ನಮ್ಮ ಅಜ್ಜಿ ಎಂಬತ್ತು ದಾಟಿದವಳು. ಅವಳಿಗೆ ಕೋಂ ಬಿಟ್ಟು ಬೇರೆ ಗುರುತು ಕಾಗದದ ಮೇಲೆ ಬಹಳ ವರ್ಷ ಇರಲಿಲ್ಲ. ತವರಿನಲ್ಲಿ ಅವಳು ಗಂಗವ್ವ. ಮದುವೆಯಾಗಿ ಬಂದರೆ ಅತ್ತೆಯ ಹೆಸರೂ ಗಂಗವ್ವ! ಅತ್ತೆ ಸೊಸೆಗೆ ಒಂದೇ ಹೆಸರಿರಬಾರದೆಂದು ಸರಸ್ವತಿ ಮಾಡಿದರು. ಗಂಡನ ಹೆಸರನ್ನು ಒಡಪಿನಲ್ಲಿ ಹೇಳಲು ಅವಳಿಗೆ ಎಲ್ಲರೂ ಕಲಿಸಿದರು. ಅವಳ ಹೆಸರನ್ನು ಅವಳಿಂದ ಕೇಳಿದವರು ಯಾರೂ ಇಲ್ಲ. 1962ರ ಚುನಾವಣೆಯ ಮೊದಲು ಪಟ್ಟಿ ಬರೆಯುವವನು ಮನೆಗೆ ಬಂದಾಗ ಕಟ್ಟೆಯ ಮೇಲೆ ಕುಳಿತ ಮಾವ "ಒಳಗ ನಮ್ಮ ಸೊಸಿ ಅದಾಳ, ಬರಕೋರಿ" ಎಂದನಂತೆ. "ಹೆಸರೇನ್ರಿ?" "ಸೊಸಿ ಅಂತ ಬರಕೋರಿ." ಅವನು ಪೆನ್ಸಿಲು ಕಿವಿಗೆ ಸಿಗಿಸಿ ಕುಳಿತೇಬಿಟ್ಟನಂತೆ. ಕೊನೆಗೆ ಒಳಗಿನಿಂದ ಅತ್ತೆ ಕೂಗಿ ಹೇಳಿದಳು. ಅಜ್ಜಿ ಈ ಕತೆಯನ್ನು ಹೇಳಿ ಪ್ರತಿ ಸಲವೂ ನಗುತ್ತಾಳೆ.

ಅಜ್ಜ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಅವರು ತೀರಿಕೊಂಡ ಮೇಲೆ ಅಜ್ಜಿಯನ್ನು ಮುಂಬಯಿಗೆ ಕರೆತಂದೆವು. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದೆವು. ಅಜ್ಜನ ಕಾಗದಗಳಲ್ಲಿ ಹೆಂಡತಿ ಸರಸ್ವತಿ. ಆಧಾರ ಚೀಟಿಯಲ್ಲಿ ಗಂಗವ್ವ. ಆಧಾರ ಮಾಡಿಸುವಾಗ ಎದುರಿಗೆ ಕುಳಿತ ಹುಡುಗ ಅವಳನ್ನೇ ನೋಡಿ "ಅಜ್ಜಿ, ನಿಮ್ಮ ಹೆಸರು?" ಎಂದು ಕೇಳಿದನಂತೆ. ಅವಳಿಗೆ ಬಾಯಿಗೆ ಬಂದದ್ದು ತವರಿನ ಹೆಸರು.

ಫೆಬ್ರುವರಿಯಲ್ಲಿ ರಜೆ ಹಾಕಿ ಅವಳನ್ನು ಊರಿನತ್ತಣ ಆ ಕಚೇರಿಗೆ ಕರೆದೊಯ್ದೆವು. ಕಿಟಕಿಯ ಒಳಗೆ ಕುಳಿತ ಕಾರಕೂನರು ನಮ್ಮಷ್ಟೇ ವಯಸ್ಸಿನವರು. ಕಾಗದ ತಿರುವಿದರು, ಕೆಂಪು ಪೆನ್ನು ತೆಗೆದರು, ಬರೆದರು. ತಲೆಕೆಳಗಾಗಿಯೇ ನಮಗೆ ಓದಲು ಬಂತು: ಹೆಸರು ತಾಳೆಯಾಗುವುದಿಲ್ಲ. ಅಜ್ಜಿ ಏನೂ ಅನ್ನದೆ ಕೈಮುಗಿದಳು. ಆ ಕೈಗಳನ್ನು ನೋಡಿದಾಗ ನಮಗೆ ಡಿಸೆಂಬರಿನ ಮುದುಕಿ ನೆನಪಾದಳು. ಬಸ್ಸಿನಲ್ಲಿ ಅಜ್ಜಿ, "ಪಾಪ, ಅಂವಾ ಏನ್ ಮಾಡ್ಯಾನು" ಎಂದು ಆ ಕಾರಕೂನನ ಪರವಾಗಿಯೇ ಮಾತನಾಡಿದಳು. ನಾವು ಉತ್ತರ ಕೊಡಲಿಲ್ಲ.

ಮುಂಬಯಿಗೆ ಮರಳಿ ನಮ್ಮ ಕಚೇರಿಯ ನಿಯಮಗಳ ಪುಸ್ತಕವನ್ನು ತೆಗೆದು ನೋಡಿದೆವು. ಎರಡು ಹೆಸರುಗಳೂ ಒಬ್ಬಳದೇ ಎಂಬ ಪ್ರಮಾಣಪತ್ರವನ್ನು ಲಗತ್ತಿಸಿದರೆ ಅರ್ಜಿಯನ್ನು ಸ್ವೀಕರಿಸಬಹುದೆಂದು ಅಲ್ಲಿ ಸ್ಪಷ್ಟವಾಗಿತ್ತು. ಆಕ್ಷೇಪವನ್ನು ಮೂರು ಸಲ ಬರೆದಿದ್ದೆವು. ಪರಿಹಾರವನ್ನು ಒಮ್ಮೆಯೂ ಹೇಳಿರಲಿಲ್ಲ. ನಾವು ಸುಳ್ಳು ಬರೆಯಲಿಲ್ಲ, ಲಂಚ ಕೇಳಲಿಲ್ಲ, ಗದರಲೂ ಇಲ್ಲ.

ಶಬ್ದವನ್ನು ಹೀಗೆಯೂ ಓದಬಹುದು, ಹಾಗೆಯೂ ಓದಬಹುದು. ಇದಕ್ಕೆ ಇದೇ ಊರಿನ ದೊಡ್ಡ ಸಂಸ್ಥೆಯೊಂದರ ಉದಾಹರಣೆಯಿದೆ. ಲೇಖಕಿ ಗೀತಾ ಹರಿಹರನ್ ಮತ್ತು ಅವರ ಪತಿ ತಮ್ಮ ಸಣ್ಣ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಅರ್ಜಿ ಹಾಕಿ, ಪಾಲಕರೆಂದು ತಾಯಿಯ ಸಹಿ ಮಾಡಿದರು. ಬ್ಯಾಂಕು ಅರ್ಜಿಯನ್ನು ಹಿಂದಿರುಗಿಸಿತು. 1956ರ ಕಾನೂನಿನಲ್ಲಿ ಸಹಜ ಪಾಲಕನು ತಂದೆ, 'ಅವನ ನಂತರ' ತಾಯಿ ಎಂದಿದೆ. ತಂದೆ ಬದುಕಿರುವಾಗ ತಾಯಿಯ ಸಹಿ ಹೇಗೆ ನಡೆದೀತು? 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ 'ನಂತರ' ಎಂಬುದಕ್ಕೆ ತಂದೆ ಸತ್ತ ನಂತರ ಎಂದಷ್ಟೇ ಅರ್ಥ ಮಾಡಬಾರದು, ತಂದೆಯ ಗೈರುಹಾಜರಿಯಲ್ಲಿ ಎಂದು ಓದಬೇಕೆಂದಿತು. ಗೈರುಹಾಜರಿಯೆಂದರೆ ಮಗುವಿನ ಹೊಣೆ ಹೊರದಿರುವುದೂ ಸೇರುತ್ತದೆ ಎಂದಿತು. ಹೆಂಗಸರ ವಿರುದ್ಧದ ಭೇದಭಾವವನ್ನು ತೊಡೆಯಲು 1979ರಲ್ಲಿ ರಾಷ್ಟ್ರಸಂಘ ಮಾಡಿದ, 1993ರಲ್ಲಿ ಭಾರತ ಒಪ್ಪಿದ ಒಡಂಬಡಿಕೆಯನ್ನೂ ತೀರ್ಪಿನಲ್ಲಿ ನೆನೆಯಲಾಯಿತು. ಲೇಕ್ ಸಕ್ಸೆಸ್ಸಿನಲ್ಲಿ ತಿದ್ದಿದ ಶಬ್ದ ಹೀಗೆ ಸುತ್ತಿ ಬಳಸಿ ಮುಂಬಯಿಯ ಒಂದು ಅರ್ಜಿಗೆ ತಲುಪಿತು. ಅಷ್ಟರಲ್ಲಿ ಹಂಸಾ ಮೆಹ್ತಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಅಜ್ಜಿಯ ಪ್ರಮಾಣಪತ್ರ ಮಾರ್ಚಿಯಲ್ಲಿ ಆಯಿತು. ನೋಟರಿಯವರು ಯಾವ ಹೆಸರನ್ನು ಮೊದಲು ಬರೆಯಲಿ, ಯಾವುದನ್ನು ಉರ್ಫ್ ಎಂದು ಹಾಕಲಿ ಎಂದು ನಮ್ಮನ್ನು ಕೇಳಿದರು. ನಾವು ಸರಸ್ವತಿ ಎನ್ನುವಷ್ಟರಲ್ಲಿ ಅಜ್ಜಿ ನಡುವೆ ಬಾಯಿ ಹಾಕಿ, "ಗಂಗವ್ವ ಮೊದಲ ಬರೀರಿ. ಅದು ಮೊದಲ ಬಂದದ್ದು" ಎಂದಳು. ಪಿಂಚಣಿ ಮೇ ತಿಂಗಳಿನಿಂದ ಬರುತ್ತಿದೆ.

ಡಿಸೆಂಬರಿನ ಮುದುಕಿಯ ವಿಳಾಸವನ್ನು ನಾವು ಆವಕ ರಜಿಸ್ಟರಿನಲ್ಲಿ ಹುಡುಕಿ ತೆಗೆದೆವು. ಯಾವ ಕಾಗದ ಬೇಕು, ಎಲ್ಲಿ ಮಾಡಿಸಬೇಕು, ಎಷ್ಟು ಖರ್ಚು ಬೀಳುತ್ತದೆ ಎಲ್ಲವನ್ನೂ ಬರೆದು, ನೇರವಾಗಿ ನಮ್ಮನ್ನೇ ಕಾಣಬೇಕೆಂದು ತಿಳಿಸಿ ಪತ್ರ ಹಾಕಿದೆವು. ಹದಿನೈದು ದಿನಕ್ಕೆ ಅದು ತಿರುಗಿ ಬಂತು. ಈ ವಿಳಾಸದಲ್ಲಿ ಇಲ್ಲ ಎಂದು ಅಂಚೆಯವರ ಷರಾ. ಒಂದು ಶನಿವಾರ ಆ ಚಾಳಿಗೆ ಹೋಗಿ ಕೇಳಿದೆವು. ಕಟ್ಟಡವನ್ನು ಕೆಡವುತ್ತಿದ್ದಾರೆ, ಜನ ಎಲ್ಲೆಲ್ಲಿಗೋ ಹೋಗಿದ್ದಾರೆ. ಪತ್ರ ಈಗಲೂ ನಮ್ಮ ಟೇಬಲಿನ ಮೇಲಿನ ಖಾನೆಯಲ್ಲಿದೆ. ಲಕೋಟೆಯ ಮೇಲೆ ಅವಳ ಎರಡೂ ಹೆಸರುಗಳನ್ನು ಬರೆದಿದ್ದೇವೆ.